ಕೊಂಡಿ ಎಣಿಸಿದವರು

1997ರ ನವೆಂಬರ್‌ನಲ್ಲಿ ಅಂತರ್ಜಾಲದ ನಾಲ್ಕು ದೊಡ್ಡ ಸರ್ಚ್ ಎಂಜಿನ್‌ಗಳಿಗೆ ಒಂದು ಸಣ್ಣ ಪರೀಕ್ಷೆ ನಡೆಯಿತು. ಒಂದೊಂದರಲ್ಲೂ ಅದರದೇ ಹೆಸರು ಟೈಪಿಸಿ ಹುಡುಕಿದರು. ಮೊದಲ ಹತ್ತು ಉತ್ತರಗಳೊಳಗೆ ತನ್ನ ಪುಟವನ್ನು ತಾನು ತೋರಿಸಿದ್ದು ಒಂದೇ ಒಂದು. ಮಿಕ್ಕ ಮೂರಕ್ಕೆ ತಮ್ಮ ವಿಳಾಸವೇ ಸಿಗಲಿಲ್ಲ. ಪರೀಕ್ಷೆ ಮಾಡಿದವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್. ಅವರ ಲೇಖನದಲ್ಲಿ ಇನ್ನೊಂದು ಪ್ರಸಂಗವೂ ಇದೆ. ಅಧ್ಯಕ್ಷ ಬಿಲ್ ಕ್ಲಿಂಟನ್ ಹೆಸರು ಕೊಟ್ಟು ಹುಡುಕಿದಾಗ ಒಂದು ಹೆಸರಾಂತ ಎಂಜಿನ್ ತಂದಿಟ್ಟದ್ದು ಅವರ ಫೋಟೋ ಹಾಕಿ, ಕೆಳಗೆ ಒಂದು ಸಾಲಿನ ಬೈಗುಳ ಬರೆದಿದ್ದ ಪುಟವನ್ನಂತೆ. ಆ ಪುಟದಲ್ಲಿ ಬೇರೇನೂ ಇರಲಿಲ್ಲ.

ಆಗಿನ ಎಂಜಿನ್‌ಗಳು ಮೈಗಳ್ಳತನ ಮಾಡುತ್ತಿರಲಿಲ್ಲ. 1995ರ ಡಿಸೆಂಬರ್‌ನಲ್ಲಿ ಡಿಜಿಟಲ್ ಕಂಪನಿ ಆಲ್ಟಾವಿಸ್ಟಾ ಎಂಬ ಎಂಜಿನ್ ತೆರೆದಾಗ ಅದರ ಹೊಟ್ಟೆಯೊಳಗೆ ಒಂದೂವರೆ ಕೋಟಿಗೂ ಹೆಚ್ಚು ಪುಟಗಳಿದ್ದವು. ಒಂದೊಂದು ಪುಟದ ಒಂದೊಂದು ಪದವನ್ನೂ ಅದು ಓದಿಟ್ಟಿತ್ತು. ಕಷ್ಟ ಬಂದದ್ದು ಅಲ್ಲಿಂದಾಚೆ. ಕೇಳಿದ ಪದ ಹತ್ತು ಸಾವಿರ ಪುಟಗಳಲ್ಲಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಪದ ಎಷ್ಟು ಸಲ ಬಂದಿದೆ, ಶೀರ್ಷಿಕೆಯಲ್ಲಿದೆಯೇ, ಮೇಲುಗಡೆಯೇ ಇದೆಯೇ ಎಂದು ನೋಡುತ್ತಿದ್ದರು. ಅಂದರೆ ಪುಟ ತನ್ನ ಬಗ್ಗೆ ತಾನು ಹೇಳಿಕೊಂಡದ್ದೇ ಸಾಕ್ಷಿ. ವ್ಯಾಪಾರಿಗಳಿಗೆ ಇದು ಬಹುಬೇಗ ಅರ್ಥವಾಯಿತು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರಾರು ಸಲ ಬರೆದು ಕೂತರು. ಓದುಗನಿಗೆ ಕಾಣದು, ಎಂಜಿನ್‌ಗೆ ಕಾಣುತ್ತದೆ.

ಪ್ರಾಮಾಣಿಕರಿಗೂ ಈ ಪದ್ಧತಿಯಿಂದ ಅನ್ಯಾಯವಾಗುತ್ತಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಕ್ಲೈನ್‌ಬರ್ಗ್ ಕೊಟ್ಟ ಉದಾಹರಣೆ ನೋಡಿ: ಜಪಾನಿನ ಕಾರು ತಯಾರಕರು ಯಾರು ಎಂದು ಹುಡುಕಿದರೆ ಹೋಂಡಾ, ಟೊಯೋಟಾ ಪುಟಗಳು ಬರಬೇಕು. ಆದರೆ ಆ ಪುಟಗಳಲ್ಲಿ ‘ಜಪಾನಿನ ಕಾರು ತಯಾರಕರು’ ಎಂಬ ಮಾತೇ ಇಲ್ಲ. ದೊಡ್ಡವರು ತಮ್ಮನ್ನು ಹಾಗೆಲ್ಲ ಪರಿಚಯಿಸಿಕೊಳ್ಳುವುದಿಲ್ಲ. ಅವರನ್ನು ಹಾಗೆ ಕರೆಯುವವರು ಬೇರೆಯವರು.

ಆ ಬೇರೆಯವರ ಮಾತು ವೆಬ್ಬಿನಲ್ಲಿ ಆಗಲೇ ದಾಖಲಾಗಿತ್ತು, ಕೊಂಡಿಗಳ ರೂಪದಲ್ಲಿ. ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟುವಾಗ ಕೊಂಡಿಗಳನ್ನು ಏಕಮುಖವಾಗಿಟ್ಟ. ಹೈಪರ್‌ಟೆಕ್ಸ್ಟ್ ಎಂಬ ಹೆಸರನ್ನೇ ಕೊಟ್ಟ ಟೆಡ್ ನೆಲ್ಸನ್‌ನಂಥವರಿಗೆ ಇದು ಎಂದೂ ಸರಿಬೀಳಲಿಲ್ಲ. ಕೊಂಡಿಯ ಎರಡೂ ತುದಿಗೆ ಒಂದಕ್ಕೊಂದರ ಅರಿವಿರಬೇಕು ಎಂಬುದು ಆತನ ವಾದ. 1991ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ನಡೆದ ಹೈಪರ್‌ಟೆಕ್ಸ್ಟ್ ಸಮ್ಮೇಳನ ಬರ್ನರ್ಸ್-ಲೀಯ ಪ್ರಬಂಧವನ್ನು ವಾಪಸು ಕಳಿಸಿ, ಬೇಕಾದರೆ ಪ್ರಾತ್ಯಕ್ಷಿಕೆ ತೋರಿಸಿ ಎಂದಿತ್ತು. ಆದರೆ ಏಕಮುಖ ಕೊಂಡಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ವೆಬ್ ಆ ವೇಗದಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. ಇದಕ್ಕೆ ಕೊಟ್ಟ ಬೆಲೆ ಏನೆಂದರೆ, ನನ್ನ ಪುಟಕ್ಕೆ ಯಾರು ಯಾರು ಕೊಂಡಿ ಹಾಕಿದ್ದಾರೆ ಎನ್ನುವುದು ನನಗೇ ತಿಳಿಯದು. ತಿಳಿಯಬೇಕಾದರೆ ಇಡೀ ವೆಬ್ಬನ್ನು ತಂದು ಒಂದು ಕಡೆ ಹರವಿ, ಕೊಂಡಿಗಳನ್ನು ತಿರುಗುಮುರುಗಾಗಿ ಜೋಡಿಸಬೇಕು.

ಲ್ಯಾರಿ ಪೇಜ್ 1996ರಲ್ಲಿ ಹೊರಟದ್ದು ಈ ಕೆಲಸಕ್ಕೇ. ಸರ್ಚ್ ಎಂಜಿನ್ ಕಟ್ಟುವ ಉದ್ದೇಶ ಆಗ ಇರಲಿಲ್ಲ. ಆ ಯೋಜನೆಗೆ ಬ್ಯಾಕ್‌ರಬ್ ಎಂದು ಹೆಸರಿಟ್ಟ. ಅದರ ಕ್ರಾಲರ್, ಎಂದರೆ ಕೊಂಡಿಯಿಂದ ಕೊಂಡಿಗೆ ಹೋಗುತ್ತ ಪುಟಗಳನ್ನು ಹೊತ್ತು ತರುವ ಪ್ರೋಗ್ರಾಂ, ಆ ವರ್ಷದ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಆತನ ಸ್ವಂತ ಪುಟದಿಂದಲೇ ಹೊರಟಿತು. ರಾಜೀವ್ ಮೋಟ್ವಾನಿ, ಟೆರ‍್ರಿ ವಿನೋಗ್ರಾಡ್ ಮಾರ್ಗದರ್ಶಕರಾಗಿದ್ದರು, ಗಣಿತದಲ್ಲಿ ಗಟ್ಟಿಗ ಬ್ರಿನ್ ಜತೆಗೂಡಿದ. ಆ ದಿನಗಳ ತಮಾಷೆಗಳನ್ನು ಇಬ್ಬರೂ ತಮ್ಮ ಲೇಖನದಲ್ಲಿ ಬರೆದಿದ್ದಾರೆ. ಕ್ರಾಲರ್ ಎಂದರೇನೆಂದೇ ಅರಿಯದ ಜನ ಹೆಚ್ಚುಕಡಿಮೆ ದಿನವೂ ಇಮೇಲ್ ಬರೆಯುತ್ತಿದ್ದರಂತೆ: ನನ್ನ ಅಷ್ಟೊಂದು ಪುಟ ಓದಿದಿರಲ್ಲ, ಹೇಗನ್ನಿಸಿತು? ಒಮ್ಮೆ ಕ್ರಾಲರ್ ಒಂದು ಆನ್‌ಲೈನ್ ಆಟದೊಳಗೆ ನುಗ್ಗಿ, ಆಡುತ್ತಿದ್ದವರ ಪರದೆ ಮೇಲೆ ಅರ್ಥವಿಲ್ಲದ ಸಂದೇಶಗಳನ್ನು ಸುರಿದಿತ್ತು.

ಹೀಗೆ ಕೂಡಿಬಂದ ಕೊಂಡಿಗಳನ್ನು ಪೇಜ್ ನೋಡಿದ್ದು ಪ್ರಬಂಧಗಳ ಅಡಿಟಿಪ್ಪಣಿಯಂತೆ. ಆತನ ತಂದೆ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರು. ಯಾರ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಚಾಳಿ ವಿಶ್ವವಿದ್ಯಾಲಯಗಳಲ್ಲಿ ಹಳೆಯದು. ಅದರ ಮೂಲ ಮಾತ್ರ ವಿಜ್ಞಾನಿಗಳದಲ್ಲ, ವಕೀಲರದು. 1873ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಅಂಟು ಹಚ್ಚಿದ ಕಾಗದದ ಚೀಟಿಗಳನ್ನು ಮಾರತೊಡಗಿದ. ವಕೀಲರು ಅವನ್ನು ಕಾನೂನು ವರದಿಗಳ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಈ ತೀರ್ಪನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿಹಿಡಿದಿದೆ, ಯಾವುದು ತಳ್ಳಿಹಾಕಿದೆ ಎಂಬುದು ಚೀಟಿಯಲ್ಲಿರುತ್ತಿತ್ತು. ಎತ್ತಿಹಿಡಿದದ್ದಕ್ಕೆ ಒಂದು ಗುರುತು, ತಳ್ಳಿಹಾಕಿದ್ದಕ್ಕೆ ಬೇರೆ ಗುರುತು. ಈ ಎರಡು ಗುರುತುಗಳ ಮಾತು ಮುಂದೆ ಬರಲಿದೆ.

1953ರಲ್ಲಿ ಶೆಪರ್ಡ್ ಕಂಪನಿಯ ನಿವೃತ್ತ ಉಪಾಧ್ಯಕ್ಷ ವಿಲಿಯಂ ಅಡೇರ್, ಬಾಲ್ಟಿಮೋರ್‌ನಲ್ಲಿ ವೈದ್ಯಕೀಯ ಸೂಚಿ ಯೋಜನೆಯೊಂದರಲ್ಲಿದ್ದ ಯೂಜೀನ್ ಗಾರ್‌ಫೀಲ್ಡ್‌ಗೆ ಈ ಪದ್ಧತಿಯ ಗುಟ್ಟು ಹೇಳಿಕೊಟ್ಟ. ಎರಡು ವರ್ಷಕ್ಕೆ, 1955ರಲ್ಲಿ, ವಿಜ್ಞಾನಕ್ಕೂ ಇಂಥ ಉಲ್ಲೇಖ ಸೂಚಿ ಬೇಕೆಂದು ಗಾರ್‌ಫೀಲ್ಡ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ. ಫಿಲಡೆಲ್ಫಿಯಾದಲ್ಲಿ ಸ್ವಂತ ಸಂಸ್ಥೆ ಕಟ್ಟಿ, 1961ರಲ್ಲಿ ಬಂದ 613 ನಿಯತಕಾಲಿಕಗಳನ್ನು ಜಾಲಾಡಿ, 14 ಲಕ್ಷ ಉಲ್ಲೇಖಗಳನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. 1976ರಲ್ಲಿ ಗೇಬ್ರಿಯಲ್ ಪಿನ್ಸ್ಕಿ ಮತ್ತು ಫ್ರಾನ್ಸಿಸ್ ನರಿನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಬರಿಯ ಎಣಿಕೆ ಸಾಲದು, ಯಾರು ಉಲ್ಲೇಖಿಸಿದರು ಎಂಬುದಕ್ಕೆ ತಕ್ಕಂತೆ ಉಲ್ಲೇಖದ ತೂಕ ಬದಲಾಗಬೇಕು ಎಂದರು. ಭೌತವಿಜ್ಞಾನದ ಪತ್ರಿಕೆಗಳ ಮೇಲೆ ಲೆಕ್ಕ ಹಾಕಿಯೂ ತೋರಿಸಿದರು. ಪೇಜ್, ಬ್ರಿನ್ ಕೊಂಡಿಗಳ ಮೇಲೆ ಕಟ್ಟಿದ ಲೆಕ್ಕದ, ಅಂದರೆ ಪೇಜ್‌ರ‍್ಯಾಂಕ್‌ನ ಜೀವಾಳ ಅಲ್ಲೇ ಇದೆ, ವೆಬ್ ಹುಟ್ಟುವುದಕ್ಕೆ ಒಂದೂವರೆ ದಶಕ ಮೊದಲೇ.

ಹೆಣ್ಣು ಕೊಡುವ ಮೊದಲು ಹುಡುಗನ ಊರಲ್ಲಿ ವಿಚಾರಿಸಿ ಬರುವವರಿಗೆ ಈ ಲೆಕ್ಕ ಹೊಸದಲ್ಲ. ಹತ್ತು ಜನ ‘ಒಳ್ಳೆ ಹುಡುಗ’ ಎಂದರೂ ಆ ಹತ್ತು ಜನ ಯಾರೆಂದು ನೋಡಬೇಕು. ಊರು ಗೌರವಿಸುವ ಮೇಷ್ಟ್ರೊಬ್ಬರು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಮೇಷ್ಟ್ರು ಕಂಡಕಂಡವರನ್ನೆಲ್ಲ ಹೊಗಳುವವರಾದರೆ ಅದೇ ತೂಕ ಅಷ್ಟೂ ಜನಕ್ಕೆ ಹಂಚಿಹೋಗುತ್ತದೆ. ಮೇಷ್ಟ್ರಿಗೆ ಆ ತೂಕ ಬಂದದ್ದಾದರೂ ಎಲ್ಲಿಂದ? ಅವರ ಬಗ್ಗೆ ಇತರರು ಆಡುವ ಮಾತಿನಿಂದ.

ಇದನ್ನೇ ಅಂಕಿಯಲ್ಲಿ ಹೇಳೋಣ. ಒಂದು ಪುಟದ ಬೆಲೆ 6, ಅದರಿಂದ ಹೊರಟ ಕೊಂಡಿಗಳು ಮೂರು. ಒಂದೊಂದು ಕೊಂಡಿಯ ಆಚೆಯ ಪುಟಕ್ಕೂ ತಲಾ 2 ಸಂದಾಯ. ಅದೇ ಪುಟ ಅರವತ್ತು ಕಡೆಗೆ ಕೊಂಡಿ ಹಾಕಿದ್ದರೆ ಒಬ್ಬೊಬ್ಬರಿಗೆ ದಕ್ಕುವುದು ಬರೀ 0.1. ಆ ಮೊದಲ 6 ಎಲ್ಲಿಂದ ಬಂತು ಎಂದರೆ, ಅದಕ್ಕೆ ಕೊಂಡಿ ಹಾಕಿದವರಿಂದ. ಅವರಿಗೆ? ಮತ್ತೆ ಬೇರೆಯವರಿಂದ. ಕೊನೆಯಿಲ್ಲದ ಸುತ್ತು ಇದು. ಬಿಡಿಸುವ ದಾರಿ ಸಲೀಸಾಗಿದೆ: ಮೊದಲು ಎಲ್ಲ ಪುಟಕ್ಕೂ ಸಮನಾಗಿ ಬೆಲೆ ಕೊಡು, ಕೊಂಡಿಗಳ ಪ್ರಕಾರ ಹಂಚು, ಬಂದದ್ದನ್ನು ಮತ್ತೆ ಹಂಚು, ಅಂಕಿಗಳು ಅಲುಗಾಡುವುದು ನಿಲ್ಲುವವರೆಗೆ ಹಂಚುತ್ತಲೇ ಇರು. 32.2 ಕೋಟಿ ಕೊಂಡಿಗಳ ಮೇಲೆ ಪೇಜ್, ಬ್ರಿನ್ ಇದನ್ನು ಓಡಿಸಿದಾಗ ಸುಮಾರು 52 ಸುತ್ತಿಗೆ ಎಲ್ಲ ತಣ್ಣಗಾಯಿತು. ಅದರಲ್ಲಿ ಅರ್ಧದಷ್ಟು ಕೊಂಡಿಗಳಿದ್ದಾಗ 45 ಸುತ್ತು ಬೇಕಾಗಿತ್ತು. ವೆಬ್ ಇಮ್ಮಡಿಯಾದರೆ ಹೆಚ್ಚಾಗುವುದು ಏಳು ಸುತ್ತು ಮಾತ್ರ. ಇಡೀ ಲೆಕ್ಕದಲ್ಲಿ ನನ್ನನ್ನು ಬೆರಗುಗೊಳಿಸುವುದು ಈ ಏಳು. ವೆಬ್ ಬೆಳೆದಷ್ಟೂ ಈ ವಿಧಾನ ಏದುಸಿರು ಬಿಡುವುದಿಲ್ಲ ಎಂಬುದಕ್ಕೆ ಅದೇ ಪುರಾವೆ.

ಒಂದು ತೊಡಕಿತ್ತು. ಎರಡು ಪುಟಗಳು ಒಂದಕ್ಕೊಂದು ಮಾತ್ರ ಕೊಂಡಿ ಹಾಕಿಕೊಂಡು ಕೂತರೆ ಒಳಬಂದ ಬೆಲೆಯೆಲ್ಲ ಅಲ್ಲೇ ಸುತ್ತುತ್ತ ಉಳಿಯುತ್ತದೆ. ಅದಕ್ಕೊಂದು ಕಾಲ್ಪನಿಕ ಓದುಗನನ್ನು ತಂದರು. ಆತ ಸುಮಾರು ನೂರಕ್ಕೆ 85 ಸಲ ಎದುರಿಗೆ ಕಂಡ ಕೊಂಡಿಯನ್ನು ಒತ್ತುತ್ತಾನೆ, ಮಿಕ್ಕ 15 ಸಲ ಬೇಸರವಾಗಿ ಎಲ್ಲೋ ಒಂದು ಪುಟಕ್ಕೆ ಹಾರುತ್ತಾನೆ. ಹಾಗೆ ಅಲೆಯುವವನು ಒಂದು ಪುಟದಲ್ಲಿ ಸಿಕ್ಕುವ ಸಂಭವ ಎಷ್ಟೋ ಅದೇ ಆ ಪುಟದ ಪೇಜ್‌ರ‍್ಯಾಂಕ್. ಕೊಂಡಿಯ ಮೇಲೆ ಬರೆದಿರುವ ಪದಗಳನ್ನು ಅದು ಬೆರಳು ತೋರುವ ಪುಟದ ಲೆಕ್ಕಕ್ಕೂ ಸೇರಿಸಿದರು. ಕೊಲರಾಡೋದ ಆಲಿವರ್ ಮೆಕ್‌ಬ್ರಯನ್ 1994ರಲ್ಲೇ ಮಾಡಿದ್ದ ಉಪಾಯ ಅದು. ಹೋಂಡಾ ತನ್ನನ್ನು ತಾನು ಏನೆಂದು ಕರೆದುಕೊಂಡರೂ ಸರಿ, ಕೊಂಡಿ ಹಾಕಿದವರು ‘ಜಪಾನಿನ ಕಾರು’ ಎಂದು ಬರೆದಿದ್ದರೆ ಸಾಕು.

ಈ ಇಬ್ಬರೇ ಇದನ್ನು ಕಂಡದ್ದು ಎಂದುಕೊಳ್ಳಬಾರದು. ಪೇಜ್ ತನ್ನ ಪೇಟೆಂಟಿನ ಪ್ರಾಥಮಿಕ ಅರ್ಜಿ ಕೊಟ್ಟದ್ದು 1997ರ ಜನವರಿಯಲ್ಲಿ. ಫೆಬ್ರವರಿಯಲ್ಲಿ ಅಮೆರಿಕದಲ್ಲಿದ್ದ ಚೀನೀ ಎಂಜಿನಿಯರ್ ರಾಬಿನ್ ಲಿ ರ‍್ಯಾಂಕ್‌ಡೆಕ್ಸ್ ಎಂಬ ಕೊಂಡಿ ಆಧಾರಿತ ವಿಧಾನಕ್ಕೆ ಅರ್ಜಿ ಹಾಕಿದ. ಮುಂದೆ ಬೀಜಿಂಗ್‌ನಲ್ಲಿ ಬೈದು ಕಟ್ಟಿದವನು ಈತನೇ. ಏಪ್ರಿಲ್‌ನಲ್ಲಿ ಇಟಲಿಯ ಮಾಸ್ಸಿಮೊ ಮಾರ್ಕಿಯೋರಿ ಅದೇ ದಿಕ್ಕಿನ ಪ್ರಬಂಧ ಓದಿದ. ಆ ಹೊತ್ತಿಗೆ ಕ್ಲೈನ್‌ಬರ್ಗ್ ಕ್ಯಾಲಿಫೋರ್ನಿಯಾದ ಐಬಿಎಂ ಆಲ್ಮಡೆನ್ ಪ್ರಯೋಗಾಲಯದಲ್ಲಿ ಕೂತು ಇನ್ನೂ ಸೊಗಸಾದ ರೂಪವೊಂದನ್ನು ಕಂಡುಕೊಂಡಿದ್ದ. ಆತನ ಪ್ರಕಾರ ಒಳ್ಳೆಯ ಪುಟಗಳಲ್ಲಿ ಎರಡು ಜಾತಿ: ವಿಷಯ ಬಲ್ಲವು, ಬಲ್ಲವರ ಕಡೆಗೆ ದಾರಿ ತೋರುವವು. ಒಂದರ ಬೆಲೆಯಿಂದ ಇನ್ನೊಂದರ ಬೆಲೆ ನಿರ್ಧಾರವಾಗುತ್ತದೆ.

ಕ್ಲೈನ್‌ಬರ್ಗ್‌ನ ವಿಧಾನದಲ್ಲಿದ್ದ ಬಿರುಕನ್ನು ತೋರಿಸಿದವರಲ್ಲಿ ಒಬ್ಬರು ಬೆಂಗಳೂರಿನ ಕೃಷ್ಣ ಭರತ್. ಮದ್ರಾಸ್ ಐಐಟಿ, ಜಾರ್ಜಿಯಾ ಟೆಕ್ ಮುಗಿಸಿ ಡಿಜಿಟಲ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿದ್ದರು. 1998ರಲ್ಲಿ ಮೋನಿಕಾ ಹೆನ್ಸಿಂಗರ್ ಜತೆ ಬರೆದ ಪ್ರಬಂಧದಲ್ಲಿ ಅವರು ಎತ್ತಿದ ಪ್ರಶ್ನೆ ಇದು: ಒಂದೇ ತಾಣದ ನೂರು ಪುಟಗಳು ಹೊರಗಿನ ಒಂದು ಪುಟಕ್ಕೆ ಕೊಂಡಿ ಹಾಕಿದರೆ ಅದು ನೂರು ಜನರ ಮಾತೇ, ಒಬ್ಬನ ಮಾತೇ? ಒಬ್ಬನದೇ. ಹಾಗಾಗಿ ಒಂದೊಂದಕ್ಕೂ ನೂರನೇ ಒಂದು ಪಾಲು ಬೆಲೆ ಸಾಕು. ಜಾಗ್ವಾರ್ ಕಾರು ಎಂದು ಕೇಳಿದರೆ ಲೆಕ್ಕ ಜಾರುತ್ತ ಜಾರುತ್ತ ಎಲ್ಲ ಕಾರು ಕಂಪನಿಗಳ ಪುಟಗಳಿಗೆ ಹೋಗಿ ನಿಲ್ಲುತ್ತದೆಂಬುದನ್ನೂ ತೋರಿಸಿದರು. ಮುಂದೆ ಜಾರ್ಜ್ ಮಿಹೈಲಾ ಜತೆ ಸೇರಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಬಲ್ಲವರು ತೋರಿಸಿದ ಪುಟಕ್ಕೆ ಮಾತ್ರ ಮನ್ನಣೆ ಕೊಡುವ ‘ಹಿಲ್‌ಟಾಪ್’ ವಿಧಾನ ಕಟ್ಟಿದರು. 1999ರಲ್ಲಿ ಗೂಗಲ್ ಸೇರಿದರು, ಗೂಗಲ್ ನ್ಯೂಸ್ ರೂಪಿಸಿದರು, 2004ರಲ್ಲಿ ಕಂಪನಿಯ ಸಂಶೋಧನಾ ಕೇಂದ್ರ ತೆರೆಯಲು ತಮ್ಮ ಊರಿಗೇ ಬಂದರು.

1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ವೆಬ್ ಸಮ್ಮೇಳನ ಸೇರಿದಾಗ ಪೇಜ್, ಬ್ರಿನ್ ಗೂಗಲ್ ಎಂಬ ತಮ್ಮ ಎಂಜಿನ್ನಿನ ವಿವರ ಮಂಡಿಸಿದರು. ಆಲ್ಮಡೆನ್ ತಂಡದ ಪ್ರಬಂಧವೂ ಅದೇ ಸಮ್ಮೇಳನದಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಗೂಗಲ್ ಕಂಪನಿಯಾಯಿತು. ಗ್ಯಾರೇಜು, ಒಂದು ಲಕ್ಷ ಡಾಲರಿನ ಚೆಕ್ಕು, ಆ ಕಥೆಯೆಲ್ಲ ಎಲ್ಲರಿಗೂ ಬಾಯಿಪಾಠ. ಪೇಟೆಂಟಿನ ಒಡೆತನ ಸ್ಟ್ಯಾನ್‌ಫರ್ಡ್‌ನದಾಗಿತ್ತು. ಅದನ್ನು ಬಳಸಲು ಗೂಗಲ್‌ಗೆ ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಸಿಕ್ಕ 18 ಲಕ್ಷ ಷೇರುಗಳನ್ನು ಮಾರಿ 2005ರ ಹೊತ್ತಿಗೆ ವಿಶ್ವವಿದ್ಯಾಲಯ 33.6 ಕೋಟಿ ಡಾಲರ್ ಎಣಿಸಿಕೊಂಡಿತು.

1998ರ ಜನವರಿಯಲ್ಲಿ ಪೇಜ್, ಬ್ರಿನ್ ತಂಡ ಬರೆದ ಸ್ಟ್ಯಾನ್‌ಫರ್ಡ್ ವರದಿಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಜಾಗವಿದೆ. ವ್ಯಾಪಾರಿಗಳು ಇದನ್ನು ತಿರುಚಲಾರರೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಕೊಟ್ಟಿದ್ದಾರೆ. ಒಳ್ಳೆಯ ಪುಟದಿಂದ ಕೊಂಡಿ ಬೇಕಾದರೆ ಆ ಪುಟದವರನ್ನು ಒಪ್ಪಿಸಬೇಕು. ಬಹಳವೆಂದರೆ ದುಡ್ಡು ಕೊಟ್ಟು ಕೊಂಡುಕೊಂಡಾರು, ಆದರೆ ಅದಕ್ಕೆ ಖರ್ಚಿದೆಯಲ್ಲ, ಹಾಗಾಗಿ ಹತೋಟಿಯಲ್ಲಿರುತ್ತದೆ ಎಂದು. ಖರ್ಚಿಗಿಂತ ಲಾಭ ಹೆಚ್ಚಾದರೆ ಏನಾಗುತ್ತದೆ ಎಂಬುದು ವಿದ್ಯಾರ್ಥಿಗಳ ತಲೆಗೆ ಹೊಳೆಯದ್ದು ಸಹಜ. ಯಾವುದಾದರೂ ಮಂಡಿ ವ್ಯಾಪಾರಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದ.

ದರಪಟ್ಟಿಯನ್ನೂ ಗೂಗಲ್ಲೇ ಒದಗಿಸಿತು. 2000ದ ಡಿಸೆಂಬರ್‌ನಲ್ಲಿ ಬಂದ ಅದರ ಟೂಲ್‌ಬಾರಿನಲ್ಲಿ ಒಂದು ಪುಟ್ಟ ಹಸಿರು ಪಟ್ಟಿ ಇತ್ತು. ನೋಡುತ್ತಿರುವ ಪುಟದ ಪೇಜ್‌ರ‍್ಯಾಂಕ್ ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ಅದು ತೋರಿಸುತ್ತಿತ್ತು. ಏಳು ಇರುವವನ ಕೊಂಡಿಗೊಂದು ಬೆಲೆ, ನಾಲ್ಕು ಇರುವವನದಕ್ಕೆ ಇನ್ನೊಂದು. ಒಕ್ಲಹೋಮದ ಸರ್ಚ್‌ಕಿಂಗ್ ಎಂಬ ಕಂಪನಿ 2002ರಲ್ಲಿ ಇದಕ್ಕೆ ದಲ್ಲಾಳಿಯಾಗಿ ನಿಂತಿತು. ಹೆಚ್ಚು ರ‍್ಯಾಂಕಿನ ತಾಣಗಳಲ್ಲಿ ಕೊಂಡಿ ಹಾಕಿಸಿಕೊಡುವ ಜಾಹೀರಾತು ವ್ಯವಹಾರ. ಸ್ವಲ್ಪ ಸಮಯದಲ್ಲೇ ಸರ್ಚ್‌ಕಿಂಗ್‌ನ ಸ್ವಂತ ಅಂಕಿ 8ರಿಂದ 4ಕ್ಕೆ ಬಿತ್ತು. ಬೇಕೆಂದೇ ಇಳಿಸಿದ್ದಾರೆಂದು ಕಂಪನಿ ಕೋರ್ಟಿಗೆ ಹೋಯಿತು. 2003ರ ಮೇ ತಿಂಗಳಲ್ಲಿ ನ್ಯಾಯಾಧೀಶೆ ವಿಕಿ ಮೈಲ್ಸ್-ಲಾಗ್ರೇಂಜ್ ದಾವೆ ವಜಾ ಮಾಡಿದರು. ಪೇಜ್‌ರ‍್ಯಾಂಕ್ ಎಂಬುದು ಒಂದು ಅಭಿಪ್ರಾಯ, ಅಭಿಪ್ರಾಯಕ್ಕೆ ಸಂವಿಧಾನದ ರಕ್ಷಣೆ ಇದೆ ಎಂಬುದು ಅವರ ತೀರ್ಪು. ಗಣಿತವೇ ನಿರ್ಣಯಿಸುತ್ತದೆ, ಮನುಷ್ಯರ ಕೈವಾಡವಿಲ್ಲ ಎಂದು ಹೇಳಿಕೊಂಡು ಬಂದ ಲೆಕ್ಕ ಕೊನೆಗೆ ಅಭಿಪ್ರಾಯದ ಹೆಸರಿನಲ್ಲಿ ಗೆದ್ದಿತು!

ಬರೀ ಕೀಟಲೆಗೆ ಕೊಂಡಿ ಹಾಕುವವರೂ ಹುಟ್ಟಿಕೊಂಡರು. 2003ರ ಕೊನೆಗೆ ‘ಶೋಚನೀಯ ಸೋಲು’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಹುಡುಕಿದರೆ ಮೊದಲು ಬರುತ್ತಿದ್ದದ್ದು ಶ್ವೇತಭವನದ ತಾಣದಲ್ಲಿದ್ದ ಜಾರ್ಜ್ ಬುಷ್ ಜೀವನಚರಿತ್ರೆ. ಆ ಪುಟದಲ್ಲಿ ಆ ಮಾತು ಇರಲೇ ಇಲ್ಲ. ಕೊಂಡಿ ಹಾಕಿದವರೆಲ್ಲ ಅದನ್ನೇ ಬರೆದಿದ್ದರು ಅಷ್ಟೆ. ಗೂಗಲ್ ಇದನ್ನು ಸರಿಪಡಿಸಿದ್ದು 2007ರ ಜನವರಿಯಲ್ಲಿ. ಈ ನಡುವೆ ಯಾರ್‍ಯಾರದೋ ಬ್ಲಾಗಿನ ಕೆಳಗೆ ಔಷಧಿ, ಜೂಜಿನ ಕೊಂಡಿಗಳನ್ನು ಯಂತ್ರಗಳೇ ಅಂಟಿಸಿ ಹೋಗುತ್ತಿದ್ದವು. ಅದಕ್ಕೆಂದು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ‘ನೋಫಾಲೋ’ ಎಂಬ ಗುರುತು ತಂದವು. ಕೊಂಡಿ ಇದೆ, ಆದರೆ ಇದು ನನ್ನ ಶಿಫಾರಸಲ್ಲ ಎಂದು ಸಾರುವ ಗುರುತು.

ಶೆಪರ್ಡ್‌ನ ಚೀಟಿಗಳಲ್ಲಿ ಎತ್ತಿಹಿಡಿದದ್ದಕ್ಕೂ ತಳ್ಳಿಹಾಕಿದ್ದಕ್ಕೂ ಬೇರೆ ಬೇರೆ ಗುರುತು ಇತ್ತಲ್ಲ, ಕೊಂಡಿಗೆ ಹುಟ್ಟಿನಿಂದ ಅದು ಇರಲಿಲ್ಲ. ಬೈದು ಕೊಂಡಿ ಹಾಕಿದರೂ ಲೆಕ್ಕಕ್ಕೆ ಒಂದೇ. 2010ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಂದೆ ನ್ಯೂಯಾರ್ಕಿನ ಒಬ್ಬ ಕನ್ನಡಕ ಮಾರುವವನು ಇದನ್ನೇ ಹೆಮ್ಮೆಯಿಂದ ಹೇಳಿಕೊಂಡ. ಗಿರಾಕಿಗಳನ್ನು ಬೇಕೆಂದೇ ಬೈಯುತ್ತೇನೆ, ಹೆದರಿಸುತ್ತೇನೆ. ಅವರು ಹೋಗಿ ದೂರು ಬರೆಯುತ್ತಾರೆ, ದೂರು ಹೆಚ್ಚಿದಷ್ಟೂ ಗೂಗಲ್‌ನಲ್ಲಿ ನಾನು ಮೇಲೇರುತ್ತೇನೆ ಎಂಬುದು ಅವನ ಸಿದ್ಧಾಂತ. ಅವನ ಲೆಕ್ಕ ಪೂರ್ತಿ ಸರಿಯಿರಲಿಲ್ಲ. ದೂರು ಬರೆಯುವ ತಾಣಗಳಲ್ಲಿ ಕೆಲವು ತಮ್ಮ ಕೊಂಡಿಗಳಿಗೆ ನೋಫಾಲೋ ಹಾಕಿದ್ದವೆಂದು ಗೂಗಲ್ ತೋರಿಸಿತು. ಆಸಾಮಿ ಬೆದರಿಕೆ, ವಂಚನೆಯ ಆರೋಪದಲ್ಲಿ ಜೈಲಿಗೆ ಹೋದ.

ಮೂರು ತಿಂಗಳ ನಂತರ ಅದೇ ಪತ್ರಿಕೆ ಜೆ.ಸಿ. ಪೆನ್ನಿ ಎಂಬ ಹಳೆಯ ಅಂಗಡಿ ಸರಪಳಿಯ ಕಥೆ ಹೊರಗೆಳೆಯಿತು. ಹಬ್ಬದ ವ್ಯಾಪಾರದ ತಿಂಗಳುಗಳುದ್ದಕ್ಕೂ ಉಡುಗೆ, ಹಾಸಿಗೆ, ಜಮಖಾನೆ ಏನು ಹುಡುಕಿದರೂ ಮೊದಲು ಈ ಅಂಗಡಿ. ಸ್ಯಾಮ್ಸೊನೈಟ್ ಸೂಟ್‌ಕೇಸ್ ಎಂದು ಕೇಳಿದರೆ ಸ್ಯಾಮ್ಸೊನೈಟ್ ಕಂಪನಿಗಿಂತ ಮೇಲೆ ಇದೇ. ಬಟ್ಟೆಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಕೊಂಡಿ ನೆಟ್ಟಿದ್ದರು. ನಮಗೆ ಗೊತ್ತೇ ಇಲ್ಲ ಎಂದ ಅಂಗಡಿ, ತನ್ನ ಸಲಹೆಗಾರ ಸಂಸ್ಥೆಯನ್ನು ಕಿತ್ತುಹಾಕಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಮಾರ್ಪಾಡು ತಂದು ಕೃತಕ ಕೊಂಡಿಗಳಿದ್ದ ತಾಣಗಳನ್ನು ಕೆಳಕ್ಕೆ ದಬ್ಬಿತು. ಬೆಂಗಳೂರು ಸೇರಿದಂತೆ ನಮ್ಮ ಎಷ್ಟೋ ಊರುಗಳಲ್ಲಿ ‘ಲಿಂಕ್ ಬಿಲ್ಡಿಂಗ್’ ಎಂಬ ಹುದ್ದೆಗೇ ಆಗ ಜನರನ್ನು ತೆಗೆದುಕೊಳ್ಳುತ್ತಿದ್ದರು. ಕಟ್ಟಿದ ಕೊಂಡಿಗಳನ್ನು ಬಿಚ್ಚಿಸಲು ಗೋಗರೆದು ಇಮೇಲ್ ಬರೆಯುವುದೂ ಅಲ್ಲಿಂದ ಮುಂದೆ ಒಂದು ಕೆಲಸವಾಯಿತು. ಹಸಿರು ಪಟ್ಟಿಯನ್ನು ಗೂಗಲ್ 2016ರಲ್ಲಿ ತೆಗೆದುಹಾಕಿತು.

ಕೊಂಡಿಯ ಲೆಕ್ಕ ಇಂದಿಗೂ ನಡೆಯುತ್ತಿದೆ, ಆದರೆ ಹಲವು ಲೆಕ್ಕಗಳಲ್ಲಿ ಒಂದಾಗಿ. 2023ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಕೋರ್ಟಿನಲ್ಲಿ, ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, ಗೂಗಲ್‌ನ ಹಿರಿಯ ಅಧಿಕಾರಿ ಪಾಂಡು ನಾಯಕ್ ಸಾಕ್ಷಿ ಹೇಳಿದರು. ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆ ಹಿಂದಿನ 13 ತಿಂಗಳಲ್ಲಿ ಜನ ಯಾವ ಉತ್ತರವನ್ನು ಒತ್ತಿದರು ಎಂಬುದನ್ನು ನೆನಪಿಟ್ಟು ಅದರ ಮೇಲೆ ಪುಟಗಳನ್ನು ಮೇಲೆ ಕೆಳಗೆ ಮಾಡುತ್ತದೆ ಎಂಬುದು ಹೊರಬಂತು. ಮೊದಲು ಬರೆಯುವವರ ಕೊಂಡಿ ಎಣಿಸುತ್ತಿದ್ದರು, ಈಗ ಓದುವವರ ಬೆರಳನ್ನೂ ಎಣಿಸುತ್ತಾರೆ. ಕೊಂಡಿಗಳು ಬಯಲಲ್ಲಿ ಬಿದ್ದಿದ್ದವು. ಒಂದು ಕ್ರಾಲರ್, ಕೆಲವು ಹಾರ್ಡ್ ಡಿಸ್ಕ್ ಇದ್ದ ಯಾವ ವಿದ್ಯಾರ್ಥಿಯಾದರೂ ಆಯ್ದುಕೊಳ್ಳಬಹುದಿತ್ತು. ಕ್ಲಿಕ್ಕುಗಳು ಹಾಗಲ್ಲ, ಅವು ಇರುವುದು ಅವನ್ನು ಕಂಡವನ ಬಳಿ ಮಾತ್ರ. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರ್‌ನಲ್ಲಿ, ತನ್ನ ಸೂಚಿಯ ಮತ್ತು ಬಳಕೆದಾರರ ಒಡನಾಟದ ಒಂದಷ್ಟು ಮಾಹಿತಿಯನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು ಆದೇಶಿಸಿದರು.